ದಶಮಾಂಶ ಸಂಖ್ಯೆಗಳ ಹೋಲಿಕೆ ಮತ್ತು ಕ್ರಮ ಜೋಡಣೆ: ಶಿಕ್ಷಕರಿಗೊಂದು ಸಮಗ್ರ ಮಾರ್ಗದರ್ಶಿ

ದಶಮಾಂಶ ಸಂಖ್ಯೆಗಳನ್ನು ಹೋಲಿಸುವ ಪಾಠ ಬಂದಾಗ ಬಹುತೇಕ ತರಗತಿಗಳು ಒಂದೇ ಜಾಡು ಹಿಡಿಯುತ್ತವೆ. ಬಿಂದುವಿನ ಬಲಕ್ಕೆ ಅಂಕಿಗಳು ಕಡಿಮೆ ಇರುವ ಸಂಖ್ಯೆಗೆ ಸೊನ್ನೆ ಸೇರಿಸಿ ಎರಡನ್ನೂ ಸಮ ಮಾಡಿಕೊಳ್ಳಿ, ಆಮೇಲೆ ಬಿಂದುವೇ ಇಲ್ಲವೆಂದುಕೊಂಡು ಪೂರ್ಣಸಂಖ್ಯೆಗಳಂತೆ ಹೋಲಿಸಿ ಎಂದು ಶಿಕ್ಷಕರು ಹೇಳುತ್ತಾರೆ. ಮಕ್ಕಳು ಹಾಗೆಯೇ ಮಾಡುತ್ತಾರೆ. ಉತ್ತರವೂ ಸರಿಯಾಗಿ ಬರುತ್ತದೆ. ತೊಂದರೆ ಇರುವುದು ಆ ಸರಿ ಉತ್ತರದಲ್ಲಿಯೇ. 0.4 ಅನ್ನು 0.40 ಎಂದು ಬರೆಯಬಹುದು ಏಕೆ ಎಂಬುದು ಗೊತ್ತಿಲ್ಲದ ಮಗುವಿಗೆ ಇದು ಬರಿಯ ಕೈಚಳಕವಾಗಿ ಉಳಿಯುತ್ತದೆ. ಕೆಲವು ವಾರ ಕಳೆದು ನಿಯಮ ಮಸುಕಾದಾಗ, 36 ಎಂಬುದು 4ಕ್ಕಿಂತ ದೊಡ್ಡದಾದ್ದರಿಂದ 0.36 ಕೂಡ 0.4ಕ್ಕಿಂತ ದೊಡ್ಡದು ಎಂಬ ಹಳೆಯ ನಂಬಿಕೆ ಎಲ್ಲಿತ್ತೋ ಅಲ್ಲಿಂದಲೇ ಎದ್ದು ಬರುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಸೊನ್ನೆ ಸೇರಿಸುವ ವಿಧಾನಕ್ಕೆ ಕೊನೆಯ ಸರದಿ ಕೊಟ್ಟು, ಮಗುವಿನ ಮನಸ್ಸಿನಲ್ಲಿರುವ ತಪ್ಪು ಕಲ್ಪನೆಯನ್ನು ಹೊರಗೆಳೆಯುವ ಸಂಖ್ಯಾಜೋಡಿಗಳನ್ನು ಆರಿಸುವುದಕ್ಕೆ ಹೆಚ್ಚು ಜಾಗ ನೀಡಲಾಗಿದೆ. ಐದರಿಂದ ಏಳನೆಯ ತರಗತಿಯವರೆಗಿನ ಮಕ್ಕಳಿಗೆ ಇದು ಹೊಂದುತ್ತದೆ. ಇಡೀ ಘಟಕಕ್ಕೆ ಏಳೆಂಟು ಅವಧಿಗಳನ್ನು ಮೀಸಲಿಟ್ಟರೆ ಅವಸರವಾಗುವುದಿಲ್ಲ.

ಮೊದಲ ಹಂತ: ಪಾಠಕ್ಕೆ ಮುನ್ನ ಏಳು ಜೋಡಿಗಳ ಪರೀಕ್ಷೆ

ಏನನ್ನೂ ಹೇಳಿಕೊಡುವುದಕ್ಕೆ ಮೊದಲು ಕೆಳಗಿನ ಜೋಡಿಗಳನ್ನು ಕಪ್ಪು ಹಲಗೆಯ ಮೇಲೆ ಬರೆದು, ಪ್ರತಿಯೊಂದರಲ್ಲಿ ದೊಡ್ಡದು ಯಾವುದು, ಅಥವಾ ಎರಡೂ ಸಮವೇ ಎಂಬುದನ್ನು ಗುರುತಿಸಲು ಹೇಳಿ. ಅಂಕ ಕೊಡುವುದಿಲ್ಲ ಎಂದು ಮೊದಲೇ ತಿಳಿಸಿ, ಇಲ್ಲವಾದರೆ ಪಕ್ಕದವರ ಉತ್ತರವೇ ನಿಮಗೆ ಸಿಗುತ್ತದೆ.

ಅ) 4.8 ಮತ್ತು 4.63
ಆ) 0.3 ಮತ್ತು 0.426
ಇ) 2.04 ಮತ್ತು 2.3
ಈ) 0.3 ಮತ್ತು 0.4
ಉ) 3.7 ಮತ್ತು 3.70
ಊ) 0 ಮತ್ತು 0.6
ಋ) 17.35 ಮತ್ತು 17.353

ಇವು ಯಾದೃಚ್ಛಿಕವಾಗಿ ಆರಿಸಿದ ಸಂಖ್ಯೆಗಳಲ್ಲ. ದಶಮಾಂಶ ಹೋಲಿಕೆಯಲ್ಲಿ ಮಕ್ಕಳು ಮಾಡುವ ತಪ್ಪುಗಳಿಗೆ ಒಂದು ಕ್ರಮವಿದೆ ಎಂಬುದನ್ನು ಗಣಿತ ಶಿಕ್ಷಣದ ಸಂಶೋಧಕರು 1980ರ ದಶಕದಿಂದಲೂ ತೋರಿಸುತ್ತ ಬಂದಿದ್ದಾರೆ. ಮೆಲ್ಬರ್ನ್ ವಿಶ್ವವಿದ್ಯಾಲಯದ ಕೇ ಸ್ಟೇಸಿ ಮತ್ತು ವಿಕಿ ಸ್ಟೈನ್ಲೆ ಇದೇ ಬಗೆಯ ಜೋಡಿಗಳಿಂದ ಮಕ್ಕಳ ಆಲೋಚನೆಯನ್ನು ವಿಂಗಡಿಸುವ ಪರೀಕ್ಷೆಯನ್ನು ರೂಪಿಸಿದರು. ಒಟ್ಟು ಎಷ್ಟು ಸರಿ ಎಂದು ಎಣಿಸುವುದರಿಂದ ಇಲ್ಲಿ ಏನೂ ತಿಳಿಯದು. ಯಾವುದು ಸರಿ, ಯಾವುದು ತಪ್ಪು ಎಂಬ ವಿನ್ಯಾಸವನ್ನು ಓದಬೇಕು.

(ಅ) ಮತ್ತು (ಇ) ತಪ್ಪಾಗಿ (ಆ) ಸರಿಯಾಗಿದ್ದರೆ, ಆ ಮಗು ಬಿಂದುವಿನ ಬಲಭಾಗವನ್ನು ಇನ್ನೊಂದು ಪೂರ್ಣಸಂಖ್ಯೆಯೆಂದು ಓದುತ್ತಿದೆ. ಅದರ ಲೆಕ್ಕದಲ್ಲಿ 63 ಎಂಬುದು 8ಕ್ಕಿಂತ ದೊಡ್ಡದು, 2.04ರಲ್ಲಿರುವ 04 ಅಂದರೆ 4, ಅದು 3ಕ್ಕಿಂತ ದೊಡ್ಡದು. ಉದ್ದವಾದದ್ದೇ ದೊಡ್ಡದು ಎಂಬ ಈ ನಂಬಿಕೆಯೇ ಕಿರಿಯ ತರಗತಿಗಳಲ್ಲಿ ಹೆಚ್ಚಾಗಿ ಕಾಣುವಂಥದ್ದು, ಮತ್ತು ಅದು ಸಹಜ. ಪೂರ್ಣಸಂಖ್ಯೆಗಳಲ್ಲಿ ಅಂಕಿ ಹೆಚ್ಚಿದಷ್ಟೂ ಸಂಖ್ಯೆ ದೊಡ್ಡದು ಎಂದು ನಾವೇ ಅಷ್ಟು ವರ್ಷ ಕಲಿಸಿರುತ್ತೇವೆ.

ಇದಕ್ಕೆ ವಿರುದ್ಧವಾಗಿ (ಅ) ಸರಿಯಾಗಿ (ಆ) ತಪ್ಪಾಗಿದ್ದರೆ, ಆ ಮಗುವಿಗೆ ಗಿಡ್ಡದಾದದ್ದೇ ದೊಡ್ಡದು. ಈ ತಪ್ಪಿನ ಮೂಲ ಅರೆಬರೆ ತಿಳಿವಳಿಕೆಯಲ್ಲಿದೆ. ಶತಾಂಶ (ನೂರರಲ್ಲೊಂದು ಭಾಗ) ದಶಾಂಶಕ್ಕಿಂತ (ಹತ್ತರಲ್ಲೊಂದು ಭಾಗಕ್ಕಿಂತ) ಚಿಕ್ಕದು, ಸಹಸ್ರಾಂಶ (ಸಾವಿರದಲ್ಲೊಂದು ಭಾಗ) ಇನ್ನೂ ಚಿಕ್ಕದು ಎಂಬುದನ್ನು ಮಗು ಸರಿಯಾಗಿಯೇ ಗ್ರಹಿಸಿದೆ; ಆದರೆ ಸಹಸ್ರಾಂಶಗಳಿರುವ ಸಂಖ್ಯೆಯೆಲ್ಲ ಚಿಕ್ಕದೇ ಇರಬೇಕು ಎಂದು ಒಂದು ಹೆಜ್ಜೆ ಮುಂದೆ ಹೋಗಿಬಿಟ್ಟಿದೆ. (ಈ) ಕೂಡ ತಪ್ಪಾಗಿದ್ದರೆ, ಮೂರನೇ ಒಂದು ಭಾಗ ನಾಲ್ಕನೇ ಒಂದು ಭಾಗಕ್ಕಿಂತ ದೊಡ್ಡದು ಎಂಬ ಭಿನ್ನರಾಶಿಯ ಪಾಠವನ್ನು ಅದು 0.3, 0.4ರ ಮೇಲೆ ಹೇರುತ್ತಿದೆ ಎಂದರ್ಥ. ಇಂಥ ಮಗುವಿಗೆ ಉದ್ದದ ಭ್ರಮೆಯಿರುವ ಮಗುವಿಗೆ ಕೊಡುವ ಔಷಧಿಯನ್ನೇ ಕೊಟ್ಟರೆ ರೋಗ ಹೆಚ್ಚಾಗುತ್ತದೆ. ‘ನೋಡು, ಉದ್ದ ಇದ್ದರೂ ಚಿಕ್ಕದು’ ಎಂಬ ಉದಾಹರಣೆಗಳು ಅದರ ನಂಬಿಕೆಗೆ ಇನ್ನಷ್ಟು ಬಲ ಕೊಡುತ್ತವೆ.

(ಊ)ದಲ್ಲಿ 0.6ಕ್ಕಿಂತ 0 ದೊಡ್ಡದು ಎನ್ನುವವರು ಪ್ರತಿ ತರಗತಿಯಲ್ಲಿಯೂ ಒಬ್ಬಿಬ್ಬರು ಇರುತ್ತಾರೆ. ಅವರಿಗೆ ದಶಮಾಂಶಗಳು ಸೊನ್ನೆಯ ಕೆಳಗೆ ಎಲ್ಲೋ ಇರುವ ವಸ್ತುಗಳು. (ಋ)ದಲ್ಲಿ ಎರಡೂ ಸಮ ಎನ್ನುವವರು ಮೊದಲ ಎರಡು ಸ್ಥಾನಗಳನ್ನು ಹಣದಂತೆ ಓದಿ ಉಳಿದದ್ದನ್ನು ಲೆಕ್ಕಕ್ಕೇ ತೆಗೆದುಕೊಳ್ಳದವರು.

ಇಲ್ಲಿಯೇ ಒಂದು ಮಾತು ಹೇಳಬೇಕು. ಅಭ್ಯಾಸಪತ್ರಗಳಲ್ಲಿ ಹೆಚ್ಚಾಗಿ ಕಾಣುವ ಪ್ರಶ್ನೆಗಳು 3.45 ಮತ್ತು 3.54, 0.72 ಮತ್ತು 0.27 ಎಂಬ ಬಗೆಯವು. ಬಿಂದುವಿನ ಬಲಕ್ಕೆ ಸಮಾನ ಅಂಕಿಗಳಿರುವ ಇಂಥ ಜೋಡಿಗಳಲ್ಲಿ, ಮೇಲೆ ಹೇಳಿದ ಉದ್ದದ ಭ್ರಮೆಯಿರುವ ಮಗು ಹತ್ತಕ್ಕೆ ಹತ್ತು ಅಂಕ ಪಡೆಯುತ್ತದೆ. ಅಂಥ ಹತ್ತನ್ನು ನೋಡಿ ಪಾಠ ಮುಗಿಯಿತೆಂದು ಮುಂದೆ ಹೋಗುವಂತಿಲ್ಲ.

ಎರಡನೆಯ ಹಂತ: ಗಾತ್ರವನ್ನು ಕಣ್ಣಿಗೆ ಕಾಣಿಸುವುದು

ಅಂಗಡಿಯಲ್ಲಿ ಸಿಗುವ ಸಾಮಾನ್ಯ ಗ್ರಾಫ್ ಹಾಳೆಗಿಂತ ಉತ್ತಮ ಪಾಠೋಪಕರಣ ಈ ವಿಷಯಕ್ಕೆ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಅದರ ಮೇಲೆ 10 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ಒಂದು ಚೌಕವನ್ನು ದಪ್ಪ ಗೆರೆಯಿಂದ ಬರೆಯಿಸಿ, ಈ ಇಡೀ ಚೌಕವೇ 1 ಎಂದು ಹೇಳಿ. ಚೌಕದೊಳಗಿನ ಒಂದು ಸೆಂಟಿಮೀಟರ್ ಅಗಲದ ಉದ್ದ ಕಂಬ ಹತ್ತರಲ್ಲೊಂದು ಭಾಗ, ಅಂದರೆ 0.1. ಒಂದು ಸೆಂಟಿಮೀಟರ್‌ನ ಮನೆ ನೂರರಲ್ಲೊಂದು, 0.01. ಆ ಮನೆಯೊಳಗೆ ಒಂದು ಮಿಲಿಮೀಟರ್ ಅಗಲದ ಸಣ್ಣ ಪಟ್ಟಿ ಸಾವಿರದಲ್ಲೊಂದು, 0.001. ಕೊನೆಗೆ ಕಣ್ಣು ಕಿರಿದುಗೊಳಿಸಿ ನೋಡಬೇಕಾದ ಒಂದು ಮಿಲಿಮೀಟರ್‌ನ ಚುಕ್ಕಿಮನೆ ಹತ್ತು ಸಾವಿರದಲ್ಲೊಂದು. ಒಂದೇ ಹಾಳೆಯಲ್ಲಿ ನಾಲ್ಕು ಸ್ಥಾನಗಳೂ ಅವುಗಳ ನಿಜವಾದ ಅನುಪಾತದಲ್ಲಿ ಕಾಣುತ್ತವೆ.

ಈಗ ಒಂದು ಚೌಕದಲ್ಲಿ 0.4, ಪಕ್ಕದ ಚೌಕದಲ್ಲಿ 0.36 ಬಣ್ಣ ತುಂಬಿಸಿ. ಮೊದಲನೆಯದರಲ್ಲಿ ನಾಲ್ಕು ಕಂಬಗಳು ಪೂರ್ತಿ ತುಂಬುತ್ತವೆ. ಎರಡನೆಯದರಲ್ಲಿ ಮೂರು ಕಂಬಗಳು ತುಂಬಿ, ನಾಲ್ಕನೆಯ ಕಂಬದಲ್ಲಿ ಆರು ಮನೆಗಳಷ್ಟೇ ಬಣ್ಣ ಪಡೆದು, ನಾಲ್ಕು ಮನೆಗಳು ಬಿಳಿಯಾಗಿ ಉಳಿಯುತ್ತವೆ. ಆಗ ತರಗತಿಯಲ್ಲಿ ನಡೆಯುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ:

‘ಯಾವುದರಲ್ಲಿ ಬಣ್ಣ ಜಾಸ್ತಿ ಇದೆ?’
‘ಇದರಲ್ಲಿ, ಟೀಚರ್. ಆದರೆ ಇದರಲ್ಲಿ ಬರೀ ನಾಲ್ಕೇ ಇದೆ.’
‘ನಾಲ್ಕು ಏನು?’
‘ನಾಲ್ಕು... ಕಂಬ.’
‘ಅದರಲ್ಲಿ ಮೂವತ್ತಾರು ಏನಿದೆ?’
‘ಮನೆ.’

ಆ ಕೊನೆಯ ಉತ್ತರ ಮಗುವಿನ ಬಾಯಿಂದಲೇ ಬರಬೇಕು. ಅದನ್ನು ಶಿಕ್ಷಕರು ಮೊದಲೇ ಹೇಳಿಬಿಟ್ಟರೆ ಕೆಲಸ ಕೆಟ್ಟಂತೆ. ನಾಲ್ಕು ಕಂಬಗಳನ್ನೂ ಮೂವತ್ತಾರು ಮನೆಗಳನ್ನೂ ಹೋಲಿಸಬೇಕಾದರೆ ಎರಡನ್ನೂ ಮನೆಗಳಾಗಿಯೇ ಎಣಿಸಬೇಕು ಎಂದು ಹೊಳೆದ ಮಗು ನಾಲ್ಕು ಕಂಬಗಳಲ್ಲಿ ನಲವತ್ತು ಮನೆಗಳನ್ನು ತಾನೇ ಎಣಿಸುತ್ತದೆ, ಮತ್ತು 0.4 ಹಾಗೂ 0.40 ಒಂದೇ ಏಕೆ ಎಂಬ ಪ್ರಶ್ನೆ ಆ ಕ್ಷಣದಲ್ಲಿ ತಾನಾಗಿ ಬಗೆಹರಿಯುತ್ತದೆ.

ಗಿಡ್ಡದ ಭ್ರಮೆಯಿರುವ ಮಕ್ಕಳಿಗೆ ಅದೇ ಹಾಳೆಯಲ್ಲಿ ಬೇರೆ ಜೋಡಿಗಳನ್ನು ಕೊಡಿ: 0.3 ಮತ್ತು 0.426, 0.5 ಮತ್ತು 0.75, 0.2 ಮತ್ತು 0.208. ಕೊನೆಯದರಲ್ಲಿ ಎರಡು ಕಂಬಗಳ ಪಕ್ಕದಲ್ಲಿ ಎಂಟು ಮಿಲಿಮೀಟರ್ ಪಟ್ಟಿಗಳಷ್ಟೇ ಹೆಚ್ಚುವರಿ. ಅಂಕಿ ಸೇರಿದಾಗ ಗಾತ್ರ ಕುಗ್ಗಲಿಲ್ಲ, ತುಸು ಬೆಳೆಯಿತು ಎಂಬುದು ಅಲ್ಲಿ ಸ್ಪಷ್ಟವಾಗುತ್ತದೆ.

ಅಳತೆಯ ಪಟ್ಟಿಯನ್ನೂ ಬಳಸಬಹುದು, ಆದರೆ ಒಂದು ಎಚ್ಚರಿಕೆಯೊಂದಿಗೆ. ಒಂದು ಮೀಟರ್ ಉದ್ದದ ಕಾಗದದ ಪಟ್ಟಿಯನ್ನು ಹತ್ತು ಸಮಭಾಗ ಮಾಡಿ, ಒಂದು ಭಾಗವನ್ನು ಮತ್ತೆ ಹತ್ತು ಮಾಡಿದರೆ ದಶಾಂಶ, ಶತಾಂಶಗಳು ಉದ್ದವಾಗಿ ಕಾಣುತ್ತವೆ. ಆದರೆ 0.36 ಮೀಟರ್ ಅಂದರೆ 36 ಸೆಂಟಿಮೀಟರ್ ಎಂದು ಕೂಡಲೇ ಪರಿವರ್ತಿಸಿಕೊಳ್ಳುವ ಮಗು ಮತ್ತೆ ಪೂರ್ಣಸಂಖ್ಯೆಗೇ ಮರಳುತ್ತದೆ. ಆದ್ದರಿಂದ ಆರಂಭದಲ್ಲಿ ಸೆಂಟಿಮೀಟರ್ ಗುರುತುಗಳಿಲ್ಲದ ಖಾಲಿ ಪಟ್ಟಿಯೇ ಮೇಲು.

ಹಣದ ಉದಾಹರಣೆಯ ಬಗ್ಗೆ

ದಶಮಾಂಶ ಎಂದೊಡನೆ ರೂಪಾಯಿ ಪೈಸೆಯಿಂದ ಆರಂಭಿಸುವುದು ನಮ್ಮಲ್ಲಿ ರೂಢಿ. 1957ರ ಏಪ್ರಿಲ್ 1ರಂದು ಹದಿನಾರು ಆಣೆಯ ರೂಪಾಯಿ ಹೋಗಿ ನೂರು ಪೈಸೆಯ ರೂಪಾಯಿ ಬಂದ ಮೇಲಿನ ಕೆಲವು ದಶಕಗಳಿಗೆ ಆ ರೂಢಿ ಹೊಂದಿಕೆಯಾಗಿತ್ತು. ಆದರೆ 25 ಪೈಸೆ ಮತ್ತು ಅದಕ್ಕಿಂತ ಕಡಿಮೆ ಬೆಲೆಯ ನಾಣ್ಯಗಳು 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ. 50 ಪೈಸೆ ಕಾನೂನಿನಲ್ಲಿ ಉಳಿದಿದ್ದರೂ ಮಕ್ಕಳ ಕೈಗೆ ಬರುವುದಿಲ್ಲ. ಇಂದಿನ ಐದನೆಯ ತರಗತಿಯ ಮಗುವಿಗೆ ಐದು ಪೈಸೆ ಎಂಬುದು ದಶಮಾಂಶದಷ್ಟೇ ಅಮೂರ್ತವಾದದ್ದು. ಅದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ: ₹12.50 ಅನ್ನು ಮಗು ಹನ್ನೆರಡು ರೂಪಾಯಿ, ಐವತ್ತು ಪೈಸೆ ಎಂದು ಎರಡು ಬೇರೆ ಬೇರೆ ಪೂರ್ಣಸಂಖ್ಯೆಗಳಾಗಿ ಓದುತ್ತದೆ, ಬಿಂದು ಆ ಎರಡರ ನಡುವಿನ ಬೇಲಿಯಾಗುತ್ತದೆ. ನಾವು ಕಳೆಯಬೇಕೆಂದಿರುವ ಕಲ್ಪನೆಯನ್ನೇ ಹಣ ಪೋಷಿಸುತ್ತದೆ. ಮೂರನೆಯ ಸ್ಥಾನಕ್ಕಂತೂ ಅಲ್ಲಿ ಜಾಗವೇ ಇಲ್ಲ. ಹಣವನ್ನು ಬಿಡಬೇಕೆಂದಲ್ಲ, ಅದು ಅನ್ವಯಕ್ಕೆ ಬರಲಿ, ಆರಂಭಕ್ಕೆ ಬೇಡ.

ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಇದಕ್ಕಿಂತ ಉಪಯುಕ್ತ. ಅರ್ಧ ಕೆಜಿ ಕಾಲು ಕೆಜಿಗಿಂತ ಹೆಚ್ಚು ಎಂಬುದರಲ್ಲಿ ಯಾವ ಮಗುವಿಗೂ ಸಂಶಯವಿಲ್ಲ. ತಕ್ಕಡಿಯ ಪರದೆಯಲ್ಲಿ ಅವು 0.500 ಮತ್ತು 0.250 ಎಂದು ಕಾಣುತ್ತವೆ. ಅವನ್ನೇ ಹಲಗೆಯ ಮೇಲೆ 0.5 ಮತ್ತು 0.25 ಎಂದು ಬರೆದು ದೊಡ್ಡದು ಯಾವುದೆಂದು ಕೇಳಿದರೆ, 25 ದೊಡ್ಡದೆನ್ನುವ ಮಗು ತನ್ನದೇ ಅನುಭವಕ್ಕೆ ಡಿಕ್ಕಿ ಹೊಡೆಯುತ್ತದೆ. ಹಳ್ಳಿಯ ಶಾಲೆಯಾದರೆ ಹಾಲಿನ ಡೈರಿಯ ಚೀಟಿಯನ್ನು ತರಿಸಬಹುದು. ಫ್ಯಾಟ್ 3.9ರಿಂದ 4.1ಕ್ಕೆ ಏರಿದರೆ ದರ ಏರುತ್ತದೆ ಎಂಬುದು ಮನೆಯಲ್ಲಿ ಹಸುವಿರುವ ಮಕ್ಕಳಿಗೆ ಗೊತ್ತು. ಆದರೆ ಒಂದೇ ಸ್ಥಾನದ ಅಂಕಿಗಳು ಯಾವ ತಪ್ಪನ್ನೂ ಬಯಲಿಗೆಳೆಯುವುದಿಲ್ಲವಾದ್ದರಿಂದ, 4.1ರ ಪಕ್ಕದಲ್ಲಿ 4.05 ಬಂದರೆ ದರ ಯಾರಿಗೆ ಹೆಚ್ಚು ಎಂಬ ಪ್ರಶ್ನೆಯನ್ನು ನೀವೇ ಸೇರಿಸಬೇಕು.

ಮೂರನೆಯ ಹಂತ: ಸ್ಥಾನಬೆಲೆಯ ಕೋಷ್ಟಕ ಮತ್ತು ಓದುವ ಕ್ರಮ

ಚಿತ್ರದಿಂದ ಅಂಕಿಗೆ ಬರುವಾಗ ನೂರು, ಹತ್ತು, ಬಿಡಿ, ದಶಾಂಶ, ಶತಾಂಶ, ಸಹಸ್ರಾಂಶ ಎಂಬ ಕೋಷ್ಟಕ ಬೇಕು. ಕೋಷ್ಟಕವನ್ನು ಬರೆಯುವಾಗ ಮಕ್ಕಳು ಬಿಂದುವನ್ನೇ ಮಧ್ಯಬಿಂದುವೆಂದು ತಿಳಿದು, ಎಡಕ್ಕೆ ಬಿಡಿ ಇರುವಂತೆ ಬಲಕ್ಕೂ ಮೊದಲು ಒಂದನೆಯ ಭಾಗವೊಂದು ಇರಬೇಕು ಎಂದು ಹುಡುಕುವುದುಂಟು. ನಡುವಿನಲ್ಲಿ ಇರುವುದು ಬಿಡಿಸ್ಥಾನ. ಅದರ ಎಡಕ್ಕೆ ಹತ್ತು, ಬಲಕ್ಕೆ ಹತ್ತರಲ್ಲೊಂದು. ಇನ್ನೂ ಎಡಕ್ಕೆ ನೂರು, ಇನ್ನೂ ಬಲಕ್ಕೆ ನೂರರಲ್ಲೊಂದು. ಬಿಂದು ಬಿಡಿಸ್ಥಾನ ಯಾವುದೆಂದು ತೋರಿಸುವ ಗುರುತು ಮಾತ್ರ. ಇದನ್ನು ಬಣ್ಣದ ಸೀಮೆಸುಣ್ಣದಿಂದ ಬಿಡಿಸ್ಥಾನವನ್ನು ಎದ್ದುಕಾಣುವಂತೆ ಮಾಡಿ ತೋರಿಸಿದರೆ ಹೆಚ್ಚು ವಿವರಣೆ ಬೇಕಾಗುವುದಿಲ್ಲ. ಎಡದಿಂದ ಬಲಕ್ಕೆ ಒಂದೊಂದು ಮನೆ ಸರಿದಂತೆ ಬೆಲೆ ಹತ್ತರಲ್ಲೊಂದಾಗುತ್ತದೆ ಎಂಬ ನಿಯಮ ಬಿಂದುವನ್ನು ದಾಟಿದ ಮೇಲೂ ಹಾಗೆಯೇ ಮುಂದುವರಿಯುತ್ತದೆ.

ಓದುವುದರಲ್ಲಿ ಶಿಸ್ತು ಇರಲಿ. 2.45 ಅನ್ನು ‘ಎರಡು ಪಾಯಿಂಟ್ ನಲವತ್ತೈದು’ ಎಂದು ಓದುವುದು ನಮ್ಮ ನಾಲಿಗೆಗೆ ಸುಲಭ. ಆದರೆ ಹಾಗೆ ಓದಿದಾಗಲೆಲ್ಲ ನಲವತ್ತೈದು ಎಂಬ ಪೂರ್ಣಸಂಖ್ಯೆ ಮಗುವಿನ ಕಿವಿಗೆ ಬೀಳುತ್ತದೆ. ಈ ಘಟಕದುದ್ದಕ್ಕೂ ‘ಎರಡು ಬಿಂದು ನಾಲ್ಕು ಐದು’ ಎಂದೇ ಓದಿ, ಮತ್ತು ಆಗಾಗ ‘ಎರಡು ಬಿಡಿ, ನಾಲ್ಕು ದಶಾಂಶ, ಐದು ಶತಾಂಶ’ ಎಂದು ಬಿಡಿಸಿ ಓದಿಸಿ. ಹಾಗೆಯೇ .6 ಎಂದು ಬರೆಯಲು ಬಿಡದೆ 0.6 ಎಂದೇ ಬರೆಯಿಸಿ. ಸೊನ್ನೆಗಿಂತ ಹೆಚ್ಚು, ಒಂದಕ್ಕಿಂತ ಕಡಿಮೆ ಎಂಬುದು ಆ ಬರವಣಿಗೆಯಲ್ಲಿಯೇ ಇದೆ.

ನಾಲ್ಕನೆಯ ಹಂತ: ಹೋಲಿಸುವ ವಿಧಾನ

ಎರಡು ಸಂಖ್ಯೆಗಳನ್ನು ಬಿಂದುವಿನ ಕೆಳಗೆ ಬಿಂದು ಬರುವಂತೆ ಒಂದರ ಕೆಳಗೊಂದು ಬರೆಯಬೇಕು. ಅತಿ ದೊಡ್ಡ ಸ್ಥಾನದಿಂದ, ಅಂದರೆ ಎಡತುದಿಯಿಂದ, ಒಂದೊಂದೇ ಸ್ಥಾನವನ್ನು ಹೋಲಿಸುತ್ತ ಬಲಕ್ಕೆ ಬರಬೇಕು. ಅಂಕಿಗಳು ಬೇರೆಯಾದ ಮೊದಲ ಸ್ಥಾನದಲ್ಲಿ ನಿಲ್ಲಬೇಕು. ತೀರ್ಮಾನ ಅಲ್ಲಿಯೇ ಮುಗಿಯುತ್ತದೆ.

ಉದಾಹರಣೆಗೆ 6.408 ಮತ್ತು 6.41 ತೆಗೆದುಕೊಳ್ಳಿ. ಬಿಡಿಸ್ಥಾನದಲ್ಲಿ ಎರಡರಲ್ಲೂ 6, ದಶಾಂಶದಲ್ಲಿ ಎರಡರಲ್ಲೂ 4. ಶತಾಂಶದಲ್ಲಿ ಮೊದಲನೆಯದರಲ್ಲಿ 0, ಎರಡನೆಯದರಲ್ಲಿ 1. ಆದ್ದರಿಂದ 6.408 < 6.41. ಸಹಸ್ರಾಂಶದಲ್ಲಿರುವ 8 ಎಷ್ಟೇ ದೊಡ್ಡದಾಗಿ ಕಂಡರೂ ಅದನ್ನು ನೋಡುವ ಅಗತ್ಯವೇ ಬರಲಿಲ್ಲ. ಏಕೆ ಬರಲಿಲ್ಲ ಎಂಬ ಪ್ರಶ್ನೆಯನ್ನು ಬಿಡಬೇಡಿ, ಏಕೆಂದರೆ ಇಡೀ ವಿಧಾನದ ಜೀವ ಅಲ್ಲಿದೆ: ಸಹಸ್ರಾಂಶದಲ್ಲಿ ಹೆಚ್ಚೆಂದರೆ 9 ಇರಬಹುದು, ಒಂಬತ್ತು ಸಹಸ್ರಾಂಶಗಳನ್ನು ಕೂಡಿದರೂ ಒಂದು ಶತಾಂಶಕ್ಕೆ ಸಮನಾಗುವುದಿಲ್ಲ. ಗ್ರಾಫ್ ಹಾಳೆಯಲ್ಲಿ ಒಂಬತ್ತು ಪಟ್ಟಿಗಳು ಒಂದು ಮನೆಯನ್ನು ತುಂಬಲಾರವು ಎಂಬುದನ್ನು ಮಕ್ಕಳು ನೋಡಿರುತ್ತಾರೆ.

ಪೂರ್ಣ ಭಾಗ ಬೇರೆಯಿದ್ದಾಗ ಬಿಂದುವಿನ ಬಲಕ್ಕೆ ಇಣುಕುವುದೂ ಬೇಡ, 10.49 ಮತ್ತು 9.58ರಲ್ಲಿ ಬಿಂದುವಿನ ಬಲಭಾಗ ಏನೇ ಇದ್ದರೂ ಮೊದಲನೆಯದೇ ದೊಡ್ಡದು. ಒಂದು ಸಂಖ್ಯೆ ಮುಗಿದು ಇನ್ನೊಂದು ಮುಂದುವರಿದರೆ, ಉದಾಹರಣೆಗೆ 17.35 ಮತ್ತು 17.353, ಮುಗಿದ ಸಂಖ್ಯೆಯ ಆ ಸ್ಥಾನದಲ್ಲಿ ಏನೂ ಇಲ್ಲ, ಅಂದರೆ ಸೊನ್ನೆ ಇದೆ ಎಂದು ಓದಬೇಕು. ಸೊನ್ನೆ ಸೇರಿಸುವ ನಿಯಮ ಈಗ ಬರಲಿ. ಕಂಬವನ್ನು ಮನೆಗಳಾಗಿ ಎಣಿಸಿದ ಮಕ್ಕಳಿಗೆ ಅದು ಹೊಸ ನಿಯಮವೆನಿಸದೆ, ಗೊತ್ತಿದ್ದನ್ನೇ ಬೇಗ ಬರೆಯುವ ದಾರಿಯೆನಿಸುತ್ತದೆ. ಬಲತುದಿಯಲ್ಲಿ ಸೇರಿಸಿದ ಸೊನ್ನೆ ಬೆಲೆ ಬದಲಿಸುವುದಿಲ್ಲ, ಬಿಂದುವಿನ ಪಕ್ಕದಲ್ಲಿ ತೂರಿಸಿದ ಸೊನ್ನೆ ಬದಲಿಸುತ್ತದೆ ಎಂಬುದನ್ನು 0.5, 0.50, 0.05 ಈ ಮೂರನ್ನೂ ಬಣ್ಣ ತುಂಬಿಸಿಯೇ ತೋರಿಸಿ.

ಐದನೆಯ ಹಂತ: ಸಂಖ್ಯಾರೇಖೆ

ತರಗತಿಯ ಗೋಡೆಯಿಂದ ಗೋಡೆಗೆ ಒಂದು ಹಗ್ಗ ಕಟ್ಟಿ, ಒಂದು ತುದಿಗೆ 0, ಇನ್ನೊಂದು ತುದಿಗೆ 1 ಎಂಬ ಚೀಟಿಗಳನ್ನು ಬಟ್ಟೆಯ ಕ್ಲಿಪ್ಪಿನಿಂದ ಸಿಕ್ಕಿಸಿ. ಮಕ್ಕಳಿಗೆ 0.5, 0.25, 0.09, 0.9, 0.48, 0.999 ಎಂಬ ಚೀಟಿಗಳನ್ನು ಹಂಚಿ ಒಬ್ಬೊಬ್ಬರಾಗಿ ಬಂದು ಸಿಕ್ಕಿಸಲು ಹೇಳಿ. ಕ್ರಮ ಸರಿಯಿದ್ದರೆ ಸಾಲದು, ಅಂತರವೂ ಸರಿಯಿರಬೇಕು. 0.09 ಅನ್ನು ಬಹಳ ಮಂದಿ 0.9ರ ನೆರೆಯಲ್ಲಿ ಇಡಲು ಹೊರಡುತ್ತಾರೆ, 0.48 ಅನ್ನು 0.5ಕ್ಕೆ ಅಂಟಿಕೊಂಡಂತೆ ಎಡಕ್ಕೆ ಇಡಬೇಕಾದಾಗ ಗದ್ದಲವಾಗುತ್ತದೆ. ಆ ಗದ್ದಲಕ್ಕೆ ಸಮಯ ಕೊಡಿ. ಕ್ಲಿಪ್ಪಿನ ಅನುಕೂಲವೆಂದರೆ ತಪ್ಪನ್ನು ಅಳಿಸಬೇಕಾಗಿಲ್ಲ, ಪಕ್ಕಕ್ಕೆ ಸರಿಸಿದರಾಯಿತು, ಹೀಗಾಗಿ ಹಲಗೆಯ ಮೇಲೆ ತಪ್ಪು ಬರೆಯಲು ಹಿಂಜರಿಯುವ ಮಕ್ಕಳೂ ಮುಂದೆ ಬರುತ್ತಾರೆ.

ಬಳಿಕ ಕೇಳಬೇಕಾದ ಪ್ರಶ್ನೆ: 0.4 ಮತ್ತು 0.5ರ ನಡುವೆ ಯಾವ ಸಂಖ್ಯೆಯಾದರೂ ಇದೆಯೇ? ಇಲ್ಲ ಎಂಬ ಉತ್ತರ ಜೋರಾಗಿಯೇ ಬರುತ್ತದೆ, ಏಕೆಂದರೆ 4ರ ನಂತರ 5 ಬರುತ್ತದೆ. ಹಗ್ಗದ ಆ ತುಂಡನ್ನು ಮಾತ್ರ ದೊಡ್ಡದು ಮಾಡಿ ಹಲಗೆಯ ಮೇಲೆ ಉದ್ದ ರೇಖೆಯಾಗಿ ಬರೆದು ಹತ್ತು ಭಾಗ ಮಾಡಿದರೆ 0.41, 0.42 ಮುಂತಾದವು ಕಾಣುತ್ತವೆ, 0.41ರಿಂದ 0.42ರವರೆಗಿನ ತುಂಡನ್ನು ಮತ್ತೆ ಹಿಗ್ಗಿಸಿದರೆ 0.411, 0.412. ಇದು ಎಲ್ಲಿಗೂ ಮುಗಿಯದು ಎಂದು ಒಂದು ಮಗುವಾದರೂ ತಾನಾಗಿ ಹೇಳುವವರೆಗೆ ಹಿಗ್ಗಿಸುತ್ತಿರಿ.

ಆರನೆಯ ಹಂತ: ಏರಿಕೆ ಮತ್ತು ಇಳಿಕೆ ಕ್ರಮ

ಎರಡನ್ನು ಹೋಲಿಸಬಲ್ಲ ಮಗು ಆರನ್ನು ಜೋಡಿಸುವಾಗ ಎಡವುತ್ತದೆ. ಅಲ್ಲಿ ಬೇಕಾದದ್ದು ಗುಂಪು ಮಾಡುವ ಕ್ರಮ. 2.5, 2.05, 3.1, 2.505, 2.55, 2.055 ಇವನ್ನು ಏರಿಕೆ ಕ್ರಮದಲ್ಲಿ ಬರೆಯಬೇಕು ಎಂದುಕೊಳ್ಳಿ. ಮೊದಲು ಪೂರ್ಣ ಭಾಗವನ್ನು ನೋಡಿ 3.1 ಅನ್ನು ಕೊನೆಗೆ ಕಳುಹಿಸಿ. ಉಳಿದ ಐದನ್ನು ದಶಾಂಶಸ್ಥಾನದಿಂದ ಎರಡು ಗುಂಪು ಮಾಡಿ: ದಶಾಂಶ 0 ಇರುವ 2.05, 2.055 ಒಂದೆಡೆ, ದಶಾಂಶ 5 ಇರುವ 2.5, 2.505, 2.55 ಇನ್ನೊಂದೆಡೆ. ಆಮೇಲೆ ಪ್ರತಿ ಗುಂಪಿನೊಳಗೆ ಶತಾಂಶ, ಅಗತ್ಯವಿದ್ದರೆ ಸಹಸ್ರಾಂಶ. ಎರಡನೆಯ ಗುಂಪಿನಲ್ಲಿ 2.5 ಮತ್ತು 2.505ರ ಶತಾಂಶ 0, 2.55ರದ್ದು 5; ಆದ್ದರಿಂದ 2.55 ಗುಂಪಿನ ಕೊನೆಗೆ. ಒಟ್ಟು ಕ್ರಮ: 2.05, 2.055, 2.5, 2.505, 2.55, 3.1.

ಇಂಥ ಪಟ್ಟಿಗಳನ್ನು ನೀವೇ ರಚಿಸುವಾಗ ಒಂದೆರಡು ಅಂಕಿಗಳನ್ನಷ್ಟೇ ಬಳಸಿ. 0.7, 0.07, 0.707, 0.77, 0.077 ಎಂಬ ಪಟ್ಟಿಯಲ್ಲಿ ಅಂಕಿಯನ್ನು ನೋಡಿ ಊಹಿಸುವ ದಾರಿ ಮುಚ್ಚಿಹೋಗಿರುತ್ತದೆ, ಸ್ಥಾನವನ್ನೇ ನೋಡಬೇಕಾಗುತ್ತದೆ. ಇದರ ಏರಿಕೆ ಕ್ರಮ 0.07, 0.077, 0.7, 0.707, 0.77. ಉದ್ದವಾದದ್ದೇ ದೊಡ್ಡದೆನ್ನುವ ಮಗು 0.707 ಅನ್ನು ಕೊನೆಗೆ ತಂದಿರುತ್ತದೆ. ಯಾರು ಯಾವುದನ್ನು ಕೊನೆಗೆ ಇಟ್ಟರು ಎಂಬುದನ್ನಷ್ಟೇ ನೋಡಿದರೂ ಮೊದಲ ಹಂತದ ಪರೀಕ್ಷೆ ಇನ್ನೊಮ್ಮೆ ನಡೆದಂತಾಗುತ್ತದೆ.

ಏಳನೆಯ ಹಂತ: ಓಟ, ಎಸೆತ ಮತ್ತು ಒಂದು ಶತಾಂಶ

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ಮಹಿಳೆಯರ 400 ಮೀಟರ್ ಹರ್ಡಲ್ಸ್ ಫೈನಲ್ಲಿನ ಸಮಯಗಳನ್ನು ಹೆಸರಿಲ್ಲದೆ, ಕಲಸಿ ಬರೆಯಿರಿ: 55.42, 54.61, 55.41, 55.20 ಸೆಕೆಂಡುಗಳು. ಪದಕ ಯಾರಿಗೆ ಎಂದು ಕೇಳಿ. ಓಟದಲ್ಲಿ ಚಿಕ್ಕ ಸಂಖ್ಯೆ ಗೆಲ್ಲುತ್ತದೆ ಎಂಬುದನ್ನು ಮರೆತು 55.42ಕ್ಕೆ ಚಿನ್ನ ಕೊಡುವವರಿರುತ್ತಾರೆ. ಏರಿಕೆ ಕ್ರಮದಲ್ಲಿ ಜೋಡಿಸಿದ ಮೇಲೆ ಹೆಸರುಗಳನ್ನು ಬರೆಯಿರಿ. 54.61 ಮೊರಾಕ್ಕೋದ ನವಾಲ್ ಎಲ್ ಮೌತವಕೆಲ್, 55.20 ಅಮೆರಿಕದ ಜೂಡಿ ಬ್ರೌನ್, 55.41 ರೊಮೇನಿಯಾದ ಕ್ರಿಸ್ಟಿಯಾನಾ ಕೊಜೊಕಾರು, 55.42 ನಮ್ಮ ಪಿ.ಟಿ. ಉಷಾ. ಕಂಚಿಗೂ ನಾಲ್ಕನೆಯ ಸ್ಥಾನಕ್ಕೂ ನಡುವೆ ಇದ್ದದ್ದು 0.01 ಸೆಕೆಂಡು. ಹಿರಿಯ ತರಗತಿಯಾದರೆ ಇನ್ನೊಂದು ಹೆಜ್ಜೆ ಹಾಕಿಸಬಹುದು: 400 ಮೀಟರನ್ನು 55.42ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 7.2 ಮೀಟರ್ ವೇಗ, ಅಂದರೆ ಆ ಒಂದು ಶತಾಂಶ ಸೆಕೆಂಡಿನಲ್ಲಿ ಸಾಗುವ ದೂರ ಸುಮಾರು 7 ಸೆಂಟಿಮೀಟರ್. ಸ್ಕೇಲಿನ ಮೇಲೆ ಆ ಉದ್ದವನ್ನು ತೋರಿಸಿ. ಶತಾಂಶಸ್ಥಾನ ಏಕೆ ಬೇಕು ಎಂದು ಆಮೇಲೆ ಯಾರೂ ಕೇಳುವುದಿಲ್ಲ.

ಅದರ ಬೆನ್ನಿಗೇ ದೂರದ ಆಟವೊಂದು ಇರಲಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಜಾವೆಲಿನ್‌ನಲ್ಲಿ ಅರ್ಷದ್ ನದೀಮ್ 92.97, ನೀರಜ್ ಚೋಪ್ರಾ 89.45, ಆಂಡರ್ಸನ್ ಪೀಟರ್ಸ್ 88.54 ಮೀಟರ್. ಇಲ್ಲಿ ಇಳಿಕೆ ಕ್ರಮ ಬೇಕು. ಎರಡನ್ನೂ ಅಕ್ಕಪಕ್ಕ ಇಟ್ಟಾಗ, ಹೋಲಿಸುವುದು ಒಂದು ಕೆಲಸ, ಯಾವ ಕ್ರಮ ಬೇಕೆಂದು ತೀರ್ಮಾನಿಸುವುದು ಇನ್ನೊಂದು ಕೆಲಸ ಎಂಬುದು ತಿಳಿಯುತ್ತದೆ. ಈ ಅಂಕಿಗಳೆಲ್ಲ ಎರಡು ಸ್ಥಾನಗಳವು ಎಂಬ ಕೊರತೆ ಇದ್ದೇ ಇದೆ. ಶಾಲೆಯ ಆಟದ ಮೈದಾನದಲ್ಲಿ ಮಕ್ಕಳೇ ಉದ್ದಜಿಗಿತ ಜಿಗಿದು 3.4, 3.28, 3.05 ಎಂದು ಸೊನ್ನೆ ಸೇರಿಸದೆ ಬರೆದುಕೊಂಡರೆ ಅದು ತುಂಬುತ್ತದೆ.

ದಶಮಾಂಶವಲ್ಲದ ಬಿಂದುಗಳು

ಮಕ್ಕಳು ದಿನವೂ ನೋಡುವ ಬಿಂದುಗಳಲ್ಲಿ ಹಲವು ದಶಮಾಂಶ ಬಿಂದುಗಳೇ ಅಲ್ಲ, ಮತ್ತು ಅವು ನಮ್ಮ ಪಾಠವನ್ನು ಸದ್ದಿಲ್ಲದೆ ಕೆಡಿಸುತ್ತವೆ. ಕ್ರಿಕೆಟ್‌ನಲ್ಲಿ 4.3 ಓವರ್ ಎಂದರೆ ನಾಲ್ಕು ಓವರ್ ಮೂರು ಎಸೆತ, ಅಂದರೆ ನಿಜದಲ್ಲಿ ನಾಲ್ಕೂವರೆ ಓವರ್; 19.5ರ ಮುಂದಿನ ಎಸೆತಕ್ಕೆ 20 ಆಗುತ್ತದೆ. ಆದರೆ ಅದೇ ಪರದೆಯಲ್ಲಿ ಪಕ್ಕದಲ್ಲಿಯೇ ಕಾಣುವ ರನ್ ರೇಟ್ ನಿಜವಾದ ದಶಮಾಂಶ. 4.3 ಓವರಿಗೆ 36 ರನ್ ಆಗಿದ್ದರೆ ರನ್ ರೇಟ್ 8.00 ಎಂದು ಪರದೆ ತೋರಿಸುತ್ತದೆ; 36ನ್ನು 4.3ರಿಂದ ಭಾಗಿಸಿದ ಮಗುವಿಗೆ ಬೇರೆ ಉತ್ತರ ಬರುತ್ತದೆ. ಏಕೆಂದು ಹುಡುಕಲು ಬಿಡಿ. ಬೆಳಿಗ್ಗೆ 9.30 ಎಂಬಲ್ಲಿನ ಬಿಂದುವೂ ಅಂಥದ್ದೇ. ಪಠ್ಯಪುಸ್ತಕದ ಅಭ್ಯಾಸಗಳಿಗೆ 8.1, 8.2 ಎಂದು ಸಂಖ್ಯೆ ಕೊಡುವ ರೂಢಿಯೂ ಹಾಗೆಯೇ: ಆ ಲೆಕ್ಕದಲ್ಲಿ 8.9ರ ನಂತರ 8.10 ಬರುತ್ತದೆ, ಆದರೆ ದಶಮಾಂಶವಾಗಿ 8.10 ಎಂಬುದು 8.1ಕ್ಕೆ ಸಮ. ಇವನ್ನು ಮುಚ್ಚಿಡದೆ ಒಂದು ಅವಧಿಯನ್ನೇ ಇವಕ್ಕೆ ಕೊಡುವುದು ಒಳ್ಳೆಯದು; ಸುತ್ತಮುತ್ತ ಕಾಣುವ ಬಿಂದುಗಳನ್ನು ಪಟ್ಟಿ ಮಾಡಿ, ಹತ್ತಾದಾಗ ಮುಂದಿನ ಸ್ಥಾನಕ್ಕೆ ಏರುವವು ಯಾವುವು, ಆರಕ್ಕೋ ಅರವತ್ತಕ್ಕೋ ಏರುವವು ಯಾವುವು ಎಂದು ಬೇರ್ಪಡಿಸಲು ಹೇಳಿ.

ಎಂಟನೆಯ ಹಂತ: ಅಭ್ಯಾಸ ಮತ್ತು ಮೌಲ್ಯಮಾಪನ

ಅಭ್ಯಾಸಕ್ಕೆ ಒಂದು ಆಟ ಸಾಕಷ್ಟು ಕೆಲಸ ಮಾಡುತ್ತದೆ. ಪ್ರತಿ ಮಗುವೂ 0.⬜⬜⬜ ಎಂದು ಮೂರು ಖಾಲಿ ಮನೆಗಳನ್ನು ಬರೆದುಕೊಳ್ಳಲಿ. ನೀವು ಡಬ್ಬಿಯಿಂದ 0ಯಿಂದ 9ರವರೆಗಿನ ಚೀಟಿಗಳಲ್ಲಿ ಒಂದನ್ನು ತೆಗೆದು ಓದಿ. ಮುಂದಿನ ಚೀಟಿ ಬರುವುದಕ್ಕೆ ಮುನ್ನ ಅದನ್ನು ಯಾವುದಾದರೂ ಮನೆಯಲ್ಲಿ ಬರೆಯಬೇಕು, ಬರೆದ ಮೇಲೆ ಬದಲಿಸುವಂತಿಲ್ಲ. ಅತಿ ದೊಡ್ಡ ಸಂಖ್ಯೆ ಮಾಡಿದವರು ಗೆದ್ದರು. 7 ಬಂದರೆ ದಶಾಂಶದಲ್ಲಿ ಇಡಬೇಕೇ, 9 ಬರಬಹುದೆಂದು ಕಾಯಬೇಕೇ ಎಂದು ಮಕ್ಕಳು ಯೋಚಿಸುವಾಗ ಪ್ರತಿ ಸ್ಥಾನದ ತೂಕ ಅವರಿಗೆ ತಿಳಿದಿರುತ್ತದೆ.

ಮೌಲ್ಯಮಾಪನದಲ್ಲಿ ದೊಡ್ಡದು ಯಾವುದು ಎಂಬ ಪ್ರಶ್ನೆಗಿಂತ ಈ ಬಗೆಯವು ಹೆಚ್ಚು ಹೇಳುತ್ತವೆ: 3.⬜7 ಎಂಬುದು 3.4ಕ್ಕಿಂತ ಚಿಕ್ಕದಾಗಲು ಖಾಲಿ ಮನೆಯಲ್ಲಿ ಯಾವ ಯಾವ ಅಂಕಿಗಳು ಬರಬಹುದು? (0, 1, 2, 3.) 0.5⬜ ಯಾವಾಗಲೂ 0.6ಕ್ಕಿಂತ ಚಿಕ್ಕದೇ, ಮತ್ತು ಏಕೆ? 1.2 ಮತ್ತು 1.21ರ ನಡುವೆ ಬರುವ ಒಂದು ಸಂಖ್ಯೆಯನ್ನು ಬರೆ. 0.375 ಮತ್ತು ಎಂಟರಲ್ಲಿ ಮೂರು ಭಾಗ, ಇವುಗಳಲ್ಲಿ ದೊಡ್ಡದು ಯಾವುದು, ಅಥವಾ ಎರಡೂ ಸಮವೇ? ‘ಒಬ್ಬ ವಿದ್ಯಾರ್ಥಿ 0.15 ಎಂಬುದು 0.2ಕ್ಕಿಂತ ದೊಡ್ಡದು ಎಂದು ಬರೆದಿದ್ದಾನೆ. ಅವನು ಹೇಗೆ ಯೋಚಿಸಿರಬಹುದು, ಅವನಿಗೆ ನೀನು ಏನು ಹೇಳುವೆ?’ ಎಂಬ ಪ್ರಶ್ನೆ ಎಲ್ಲಕ್ಕಿಂತ ಉತ್ತಮ, ಏಕೆಂದರೆ ಬೇರೆಯವನ ತಪ್ಪನ್ನು ವಿವರಿಸುವಾಗ ಮಗು ತನ್ನದನ್ನೂ ಸರಿಪಡಿಸಿಕೊಳ್ಳುತ್ತದೆ. ಉತ್ತರದಲ್ಲಿ ‘ಸೊನ್ನೆ ಸೇರಿಸಬೇಕು’ ಎಂದಷ್ಟೇ ಇದ್ದರೆ ಅರ್ಧ ಅಂಕ ಕೊಡಿ. 0.2 ಅಂದರೆ ಎರಡು ದಶಾಂಶ, 0.15ರಲ್ಲಿ ಇರುವುದು ಒಂದೇ ದಶಾಂಶ ಮತ್ತು ಐದು ಶತಾಂಶ ಎಂಬ ಅರ್ಥದ ಮಾತಿದ್ದರೆ ಪೂರ್ತಿ ಅಂಕ.

ಘಟಕ ಮುಗಿದ ಐದಾರು ವಾರಗಳ ನಂತರ, ಬೇರೆ ಪಾಠದ ನಡುವೆ, ಮುನ್ಸೂಚನೆ ಕೊಡದೆ, ಮೊದಲ ಹಂತದ ಏಳು ಜೋಡಿಗಳ ಮಾದರಿಯಲ್ಲಿಯೇ ಹೊಸ ಸಂಖ್ಯೆಗಳೊಂದಿಗೆ ಇನ್ನೊಮ್ಮೆ ಪರೀಕ್ಷಿಸಿ. ಕೆಲವು ಮಕ್ಕಳು ಹಳೆಯ ನಂಬಿಕೆಗೆ ಮರಳಿರುವುದು ಕಾಣುತ್ತದೆ. ಉದ್ದದಿಂದ ಗಿಡ್ಡಕ್ಕೆ ಜಿಗಿದವರೂ ಇರಬಹುದು. ಅವರಿಗೆ ನಿಯಮವನ್ನು ಮತ್ತೆ ಹೇಳುವ ಬದಲು ಗ್ರಾಫ್ ಹಾಳೆಯನ್ನು ಕೈಗಿತ್ತು, ಅವರು ತಪ್ಪಿದ ಜೋಡಿಯನ್ನೇ ಬಣ್ಣ ತುಂಬಲು ಹೇಳಿ, ‘ನಾಲ್ಕು ಏನು?’ ಎಂಬ ಪ್ರಶ್ನೆಯಿಂದ ಆರಂಭಿಸಿ.